ಕೆಂಪಣ್ಣನ ಮೂಗು, ಈಶ್ವರಯ್ಯನ ಬಾಣಲೆ

ಹಿರೀಸಾವೆಯ ಹೆದ್ದಾರಿ ಪಕ್ಕದ ಈಶ್ವರಯ್ಯನ ಹೋಟೆಲಿಗೆ ಬರುವವರೆಲ್ಲ ಬೋಂಡಾವನ್ನು ಬಾಯಿಂದ ತಿನ್ನುತ್ತಾರೆ. ಕೆಂಪಣ್ಣನೊಬ್ಬ ಮಾತ್ರ ಮೂಗಿನಿಂದ ಶುರು ಮಾಡುತ್ತಾನೆ. ಬೋಂಡಾ ಮುರಿದು, ಮುರಿದ ಮಗ್ಗುಲನ್ನು ಮೀಸೆಗೆ ತಾಗುವಷ್ಟು ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾನೆ. ಆ ಹೊತ್ತಿನ ಅವನ ಮುಖ ನೋಡಿದರೆ ಪಂಚನಾಮೆಗೆ ಬಂದ ಅಧಿಕಾರಿಯ ನೆನಪಾಗುತ್ತದೆ. ಈ ತನಿಖೆ ಶುರುವಾಗಿ ಮೂವತ್ತು ವರ್ಷದ ಹತ್ತಿರ ಬಂತು. ಆರೋಪಿ ಮಾತ್ರ ಮೊದಲಿನಿಂದ ಒಬ್ಬನೇ: ಪಾಮಾಯಿಲ್.

ಕೆಂಪಣ್ಣ ತೆಂಗಿನವನು. ನಮ್ಮ ಕಡೆ ತೆಂಗಿಲ್ಲದವರು ಯಾರಿದ್ದಾರೆ ಎಂದು ಕೇಳಬಹುದು. ಉಳಿದವರಿಗೆ ತೆಂಗಿನ ಮರ ಇದೆ. ಕೆಂಪಣ್ಣನಿಗೆ ತೆಂಗಿನ ಪರವಾಗಿ ವಕಾಲತ್ತೂ ಇದೆ. ತೆಂಗು ಬೆಳೆಗಾರರ ಹಿತರಕ್ಷಣಾ ವೇದಿಕೆ ಎಂಬುದೊಂದನ್ನು ಕಟ್ಟಿ, ಅದಕ್ಕೆ ತಾನೇ ಅಧ್ಯಕ್ಷನಾಗಿ, ಹಿತ್ತಾಳೆಯ ಮೊಹರೊಂದನ್ನು ಮಾಡಿಸಿಟ್ಟುಕೊಂಡಿದ್ದಾನೆ. ವೇದಿಕೆಗೆ ಒಬ್ಬ ಕಾರ್ಯದರ್ಶಿಯೂ ಇದ್ದ. ಆತ ತೋಟಕ್ಕೆ ಅಡಿಕೆ ಹಾಕಿ ಪಕ್ಷಾಂತರವಾದ ಮೇಲೆ ಅಧ್ಯಕ್ಷ ಮತ್ತು ಮೊಹರು ಇಬ್ಬರೇ ಉಳಿದರು. ಕೋರಂ ಕೊರತೆ ಮಾತ್ರ ಯಾವತ್ತೂ ಆಗಿಲ್ಲ.

ಅವನ ಅಪ್ಪನೂ ಕೊಬ್ಬರಿ ಮಾಡಿ ಬದುಕಿದವನು. ಉಂಡೆ ಕೊಬ್ಬರಿಯ ಕೆಲಸ ಹೇಗೆಂದರೆ, ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಟ್ಟುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಅವಸರಪಟ್ಟು ಒಡೆದರೆ ಇತ್ತ ಕಾಯಿಯೂ ಅಲ್ಲ, ಅತ್ತ ಕೊಬ್ಬರಿಯೂ ಅಲ್ಲ. ಒಳಗೇನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕೊಬ್ಬರಿಯವರಿಗೆ ಅನುಮಾನ ಕಸುಬಿನೊಂದಿಗೇ ಬರುತ್ತದೆ. ಕೆಂಪಣ್ಣ ಅದನ್ನು ಅಟ್ಟದಿಂದ ಕೆಳಗೂ ಇಳಿಸಿಕೊಂಡಿದ್ದ. ಬಿಸ್ಕತ್ತಿನ ಪೊಟ್ಟಣ, ಹೊಸ ಬೀಗರು, ವೋಟು ಕೇಳಲು ಬಂದವರು, ಯಾರೇ ಆಗಲಿ ಒಮ್ಮೆ ಅಲ್ಲಾಡಿಸಿ ಕಿವಿಗೊಟ್ಟು ಕೇಳಿದ ಮೇಲೇ ನಂಬುತ್ತಿದ್ದ. ಬಹಳ ಮಂದಿ ಲೊಡಲೊಡ ಅನ್ನುತ್ತಲೂ ಇದ್ದರು ಅನ್ನಿ.

ತೊಂಬತ್ತರ ದಶಕದಲ್ಲಿ ಒಂದು ವರ್ಷ ಕೊಬ್ಬರಿಯ ಬೆಲೆ ನೆಲ ಕಚ್ಚಿತು. ಪೇಟೆಯಲ್ಲಿ ವರ್ತಕ ಮುಖ ಕೊಟ್ಟು ಮಾತಾಡಲಿಲ್ಲ. “ಹಡಗ್ನಲ್ಲಿ ಪಾಮಾಯಿಲ್ ಬಂದ್ಬುಟ್ಟೈತೆ ಗೌಡ್ರೆ, ನಾವೇನ್ ಮಾಡಾನ?” ಅಂದ. ಹಡಗನ್ನೇ ಕಂಡಿರದ ಕೆಂಪಣ್ಣನಿಗೆ ಅಲ್ಲಿಂದ ಶತ್ರುವಿನ ಹೆಸರು ಸಿಕ್ಕಿತು. ಊರು ಕೇರಿ ತಿಳಿಯಲು ಮನೋಹರ ಮೇಷ್ಟರನ್ನು ಹಿಡಿದ. ಮನೋಹರ ಮೇಷ್ಟರು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದವರು. ಈಗ ನಿವೃತ್ತರು, ಆದರೆ ಪಾಠ ನಿಂತಿಲ್ಲ; ಈಶ್ವರಯ್ಯನ ಹೋಟೆಲಿನ ಮೂಲೆ ಮೇಜಿನಲ್ಲಿ ಮುಂದುವರಿದಿದೆ.

“ಅದ್ಯಾವ್ ಮರ ಸಾ ಅದು?” ಎಂದು ಕೇಳಿದ್ದ ಕೆಂಪಣ್ಣ.

“ತಾಳೆಯ ಜಾತಿ. ಹುಟ್ಟಿದ್ದು ಆಫ್ರಿಕಾದಲ್ಲಿ, ಬೆಳೆದಿದ್ದು ಇಂಡೋನೇಷ್ಯಾ, ಮಲೇಷ್ಯಾದಲ್ಲಿ, ತಿನ್ನೋದು ನಾವು. ಅಲ್ಲಿ ಕಾಡು ಸವರಿ ನೆಟ್ಟಿದಾರೆ ಕೆಂಪಣ್ಣ. ವಿಮಾನದಿಂದ ಬಗ್ಗಿ ನೋಡಿದ್ರೆ ಕಣ್ಣಿಗೆ ಕಾಣೋವರೆಗೂ ಅದೊಂದೇ ಮರ.”

ಮೇಷ್ಟರು ವಿಮಾನ ಹತ್ತಿದವರಲ್ಲ. ಆದರೂ ಬಗ್ಗಿ ನೋಡಿದವರ ಹಾಗೇ ಹೇಳಿದರು.

“ಅಷ್ಟೂ ಒಬ್ಬುನ್ದೆಯಾ?”

“ಕಂಪನಿಗಳದ್ದು. ಎಕರೆಗೆ ತೆಂಗಿನ ಐದಾರು ಪಟ್ಟು ಎಣ್ಣೆ ಕೊಡುತ್ತೆ.”

“ಅಂಗಾರೆ ಅದು ಮರ ಅಲ್ಲ ಸಾ, ಬೋರ್‌ವೆಲ್ಲು!”

ಬಿಸ್ಕತ್ತಿನಲ್ಲಿ, ಸೋಪಿನಲ್ಲಿ, ಐಸ್‌ಕ್ರೀಮಿನಲ್ಲಿ, ಮಕ್ಕಳು ಎರಡೇ ನಿಮಿಷದಲ್ಲಿ ಬೇಯಿಸಿಕೊಳ್ಳುವ ಶಾವಿಗೆಯಂಥದ್ದರಲ್ಲಿ, ಎಲ್ಲದರಲ್ಲೂ ಅದೇ ಇದೆ ಎಂದು ಮೇಷ್ಟರು ಹೇಳಿದ ದಿನದಿಂದ ಕೆಂಪಣ್ಣನಿಗೆ ನೆಮ್ಮದಿ ಹೋಯಿತು. ಸೋಪು ಬಿಟ್ಟು ಸೀಗೇಕಾಯಿ ಹಿಡಿದ. ಮದುವೆಮನೆಗೆ ಹೋದರೆ ಮೊದಲು ಅಡುಗೆಯವರ ಕಡೆ ನಡೆದು ಟಿನ್ನಿನ ಮೇಲಿನ ಅಕ್ಷರ ಓದುತ್ತಿದ್ದ, ಆಮೇಲೆ ವಧೂವರರನ್ನು ಹರಸುತ್ತಿದ್ದ. ಕಾಡು ಕಡಿದಿದ್ದರಿಂದ ಅಲ್ಲಿನ ದೊಡ್ಡ ಕೋತಿಗಳು ಮನೆಮಠ ಕಳೆದುಕೊಂಡಿವೆ ಎಂದು ಮೇಷ್ಟರು ಹೇಳಿದಾಗ ಕೆಂಪಣ್ಣ, “ನಂಗೂ ಅವುಕ್ಕೂ ಒಂದೇ ವರ್ತಕ ಬಿಡಿ ಸಾ” ಅಂದ.

ಕೆಲವು ವರ್ಷಗಳ ಹಿಂದೆ ಇಂಡೋನೇಷ್ಯಾದವರು ಕೆಲದಿನ ಎಣ್ಣೆ ರಫ್ತು ನಿಲ್ಲಿಸಿದರಲ್ಲ, ಆಗ ಕೆಂಪಣ್ಣ ಹೋಟೆಲಿನಲ್ಲಿ ಕೂತವರಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ. ಈಶ್ವರಯ್ಯ ಮಾತ್ರ ತೆಗೆದುಕೊಳ್ಳಲಿಲ್ಲ. “ಅವ್ನು ಅಲ್ಲಿ ನಲ್ಲಿ ನಿಲ್ಸುದ್ರೆ ನನ್ ಕಳ್ಳೆಕಾಯ್ ಎಣ್ಣೆ ಟಿನ್ನಿನ್ ರೇಟು ಇಲ್ಲಿ ಕುಣೀತಾ ಕುಂತೈತೆ. ನಿಂಗೆ ಮಿಠಾಯಿ ಕೇಡು” ಅಂದ. ಸಮುದ್ರದಾಚೆ ಯಾರೋ ಕೆಮ್ಮಿದರೆ ಹಿರೀಸಾವೆಯ ಬೋಂಡಾ ಚಿಕ್ಕದಾಗುತ್ತದೆ ಎಂಬುದು ನಮಗೆಲ್ಲ ತಿಳಿದದ್ದು ಆವತ್ತು.

ಈಶ್ವರಯ್ಯ, ಕೆಂಪಣ್ಣ ಪ್ರೈಮರಿ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಲಿಂಗಾಯತರ ಈಶ್ವರಯ್ಯ ಅಪ್ಪನ ಹೋಟೆಲು ನಡೆಸಿಕೊಂಡು ಬಂದ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅವರಪ್ಪ ಬರೆಸಿದ ಬೋರ್ಡು ಈಗಲೂ ಇದೆ: ‘ನಮ್ಮಲ್ಲಿ ಕಡಲೆಕಾಯಿ ಎಣ್ಣೆಯನ್ನೇ ಉಪಯೋಗಿಸಲಾಗುವುದು.’ ಹಾಸನದ ಬಸ್ಸಿನ ಡ್ರೈವರುಗಳು ಆ ಬೋರ್ಡು ನಂಬಿಯೇ ಅಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ಕೆಂಪಣ್ಣನ ಮೂಗು ದಿನಾ ಬೆಳಿಗ್ಗೆ ಆ ಬೋರ್ಡಿಗೆ ಪುಕ್ಕಟೆ ಸರ್ಟಿಫಿಕೇಟು ಕೊಡುತ್ತಿತ್ತು. ಮೂಸಿ, ತಲೆಯಾಡಿಸಿ, ತಿನ್ನುತ್ತಿದ್ದ. ಅವನು ತಲೆಯಾಡಿಸಿದ ಮೇಲೆ ಉಳಿದವರೂ ಧೈರ್ಯವಾಗಿ ತಿನ್ನುತ್ತಿದ್ದರು.

ಇಷ್ಟು ವರ್ಷ ಬಾರದ ಕಾಲ ಮೊನ್ನೆ ಮೊನ್ನೆ ಬಂತು. ತೆಂಗಿಗೆ ಬೆಲೆ ಏರಿತು. ಏರಿದ್ದು ಇಳಿಯಲೇ ಇಲ್ಲ. ಮರಗಳಿಗೆ ಬಿಳಿನೊಣ ಬಡಿದಿತ್ತು, ಎಳನೀರು ಲಾರಿ ಲಾರಿಯಾಗಿ ಬೆಂಗಳೂರಿಗೆ ಹೋಗಿತ್ತು, ಬಲಿತ ಕಾಯಿ ಎಲ್ಲಿಯೂ ಇರಲಿಲ್ಲ. ಪೇಟೆಯಲ್ಲಿ ಮುಖ ಕೊಡದಿದ್ದ ವರ್ತಕನ ಮಗ ಕೆಂಪಣ್ಣನ ಜಗುಲಿಗೇ ಬಂದು ಕಾಫಿ ಕುಡಿದ. ದಸರಾ ಹೊತ್ತಿಗೆ ಅಟ್ಟ ಗುಡಿಸಿದಂತೆ ಖಾಲಿಯಾಯಿತು. ಕೆಂಪಣ್ಣನ ನಡಿಗೆಯೇ ಬದಲಾಯಿತು. ಮೀಸೆಗೆ ಎಣ್ಣೆ ಹಚ್ಚಿ ತಿರುವುವುದು ಮೊದಲಿಂದ ಇದ್ದ ರೂಢಿ. ಈಗ ಎರಡು ಸುತ್ತು ಜಾಸ್ತಿ ತಿರುವತೊಡಗಿದ.

ಆಯುಧಪೂಜೆ ಕಳೆದ ಮೂರು ದಿನಕ್ಕೇ ಆ ಘಟನೆ ನಡೆಯಿತು. ಬೋಂಡಾ ಮುರಿದ ಕೆಂಪಣ್ಣ ಮೂಸಿದ. ತಲೆ ಆಡಲಿಲ್ಲ. ಮತ್ತೆ ಮೂಸಿದ. ಬೋಂಡಾವನ್ನು ತಟ್ಟೆಯಲ್ಲಿಟ್ಟು ತಟ್ಟೆಯನ್ನು ದೂರ ತಳ್ಳಿದ.

“ಲೇ ಈಶ. ಎಣ್ಣೆ ಬದ್ಲಾಯ್ಸಿದಿಯೇನ್ಲಾ?”

“ಯಾಕ್ಲಾ ಕೆಂಪ, ಉಪ್ ಜಾಸ್ತಿಯಾ?”

“ಉಪ್ಪಲ್ಲ. ಪಾಮಾಯಿಲ್ ವಾಸ್ನೆ.”

ಒಬ್ಬ ಡ್ರೈವರು ಬಾಯಿಗೆ ಹಾಕಿದ್ದನ್ನು ಅಗಿಯದೆ ಹಾಗೇ ಇಟ್ಟುಕೊಂಡ. ಒಲೆಯ ಮುಂದಿದ್ದ ಈಶ್ವರಯ್ಯನ ಹೆಂಡತಿ ರೇವಮ್ಮ ಸೌಟು ಹಿಡಿದೇ ಹೊರಗೆ ಬಂದರು. “ಏನಣ್ಣ ಇಂಗಂತೀಯ? ಅದೇ ಗಾಣ, ಅದೇ ಎಣ್ಣೆ, ಅದೇ ಬಾಣ್ಲಿ. ಬದ್ಲಾಗಿದ್ರೆ ನಿನ್ ಮೂಗ್ ಬದ್ಲಾಗಿರ್ಬೇಕು.”

“ಮೂಗ್ ಮಾತ್ರ ಬದ್ಲಾಗಕಿಲ್ಲ ಕಣವ್ವ” ಎಂದು ಕೆಂಪಣ್ಣ ಎದ್ದುಹೋದ.

ಮಾರನೆಯ ದಿನವೂ ಅದೇ ವಾಸನೆ. ಅದರ ಮಾರನೆಯ ದಿನವೂ ಅದೇ. ಅಷ್ಟರಲ್ಲಿ ಕೆಂಪಣ್ಣನಿಗೆ ಊರೆಲ್ಲ ಅದೇ ವಾಸನೆ ಬರತೊಡಗಿತ್ತು: ಹಾಲಿನ ಡೈರಿಯಲ್ಲಿ, ಕ್ಷೌರದಂಗಡಿಯಲ್ಲಿ, ದೇವಸ್ಥಾನದ ತೀರ್ಥದಲ್ಲಿಯೂ. “ಬಂದ್ಬುಟ್ಟೈತೆ ಸಾ, ಊರೊಳೀಕೇ ಬಂದ್ಬುಟ್ಟೈತೆ” ಎಂದು ಮೇಷ್ಟರ ಕಿವಿಯಲ್ಲಿ ಹೇಳಿದ. ಮೇಷ್ಟರು ಜಾಗತಿಕ ಮಾರುಕಟ್ಟೆಯ ಬಗ್ಗೆ ಅರ್ಧ ಗಂಟೆ ಮಾತಾಡಿ ಅವನ ಭಯವನ್ನು ಇಮ್ಮಡಿ ಮಾಡಿದರು.

ಇಲ್ಲಿಯತನಕ ನಗೆಯ ಮಾತಾಗಿತ್ತು. ಆದರೆ ಅನುಮಾನ ಎನ್ನುವುದು ಬೋಂಡಾ ಹಿಟ್ಟಿಗಿಂತ ಬೇಗ ಉಬ್ಬುತ್ತದೆ. ಬಸ್ಸುಗಳು ಮುಂದಿನ ಹೋಟೆಲಿನಲ್ಲಿ ನಿಲ್ಲತೊಡಗಿದವು. ಬೆಳಿಗ್ಗೆಯ ಬೋಂಡಾ ಮಧ್ಯಾಹ್ನದವರೆಗೂ ಗಾಜಿನ ಕಪಾಟಿನಲ್ಲಿ ಮುಖ ಒಣಗಿಸಿಕೊಂಡು ಕೂರುತ್ತಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ರೇವಮ್ಮ ಒಂದು ಒಲೆ ಆರಿಸಿಬಿಟ್ಟರು. ಈಶ್ವರಯ್ಯ ಹಾಲಿನ ಪಾತ್ರೆ ಕೆಳಗಿಳಿಸುತ್ತ, ಚನ್ನರಾಯಪಟ್ಟಣದಿಂದ ಆಗಾಗ ಬಂದು ಕೂರುವ ನನ್ನ ಹತ್ತಿರ ಅಂದ: “ಬೇರೆ ಯಾವನಾರ ಅಂದಿದ್ರೆ ಬುಡು ಅತ್ಲಾಗೆ ಅಂತಿದ್ದೆ. ಅಂದೋನು ಕೆಂಪ. ಜನ ನಂಬ್ತರೆ.”

ಕೊನೆಗೆ ಪರೀಕ್ಷೆಯನ್ನು ಸೂಚಿಸಿದ್ದು ಕೆಂಪಣ್ಣನೇ. ಮಾರ್ಗಶಿರದ ಚಳಿ ಚೆನ್ನಾಗಿ ಕೂತಿತ್ತು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ: ಚಳಿಗೆ ಕೊಬ್ಬರಿ ಎಣ್ಣೆ ಸುಣ್ಣದ ಕಲ್ಲಿನ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಬಾವಿಯ ನೀರಿನಂತೆ ತಿಳಿಯಾಗೇ ಇರುತ್ತದೆ, ಪಾಮಾಯಿಲ್ ಮಾತ್ರ ಎರಡೂ ಅಲ್ಲ, ಮೇಲೆ ಮಬ್ಬಾಗಿ ಬುಡದಲ್ಲಿ ರವೆಯ ಹಾಗೆ ಕೂರುತ್ತದೆ.

ಒಂದು ಸಂಜೆ ಹೋಟೆಲಿನ ಮುಂದೆ ಸಣ್ಣ ಸಭೆಯೇ ಸೇರಿತು. ಎಲ್ಲರೆದುರೇ ಒಡೆದ ಹೊಸ ಟಿನ್ನಿನಿಂದ ಈಶ್ವರಯ್ಯ ಗಾಜಿನ ಸೀಸೆಯೊಂದಕ್ಕೆ ಎಣ್ಣೆ ತುಂಬಿದ. ಕೆಂಪಣ್ಣ ಜೇಬಿನಿಂದ ಇನ್ನೊಂದು ಸೀಸೆ ತೆಗೆದ.

“ಅದ್ಯಾತುಕ್ಲಾ? ನಿನ್ ಎಣ್ಣೆ ಯಾರ್ ಕೇಳುದ್ರು?”

“ನಮ್ಮನೆ ಕೊಬ್ರಿ ಎಣ್ಣೆ ಕಣ್ಲಾ. ಅಸ್ಲಿ ಅಂದ್ರೆ ಎಂಗಿರ್ತದೆ ಅಂತ ಜನ ಒಂದ್ ದಪ ನೋಡ್ಲಿ.”

ಎರಡು ಸೀಸೆಯ ಬಾಯಿಗೂ ಬಟ್ಟೆ ಕಟ್ಟಿ, ಮೇಣದ ಬತ್ತಿ ಕರಗಿಸಿ ಸುರಿದು, ಮೇಣದ ಮೇಲೆ ವೇದಿಕೆಯ ಮೊಹರು ಒತ್ತಿದ. ಇಷ್ಟು ವರ್ಷಕ್ಕೆ ಆ ಮೊಹರಿಗೆ ಸಿಕ್ಕ ಮೊದಲ ಕೆಲಸ ಅದು. ಹೋಟೆಲಿನ ಮೋಟುಗೋಡೆಯ ಮೇಲೆ ಸೀಸೆಗಳನ್ನಿಟ್ಟು, ಸುತ್ತ ಕೂತವರನ್ನೆಲ್ಲ ಒಮ್ಮೆ ಅನುಮಾನದಿಂದ ನೋಡಿ, ಒಂದು ತೆಂಗಿನಕಾಯಿಯ ಮೇಲೆ ಕೈಯಿಟ್ಟ.

“ನಿನ್ ಎಣ್ಣೆ ಬುಡುದಲ್ಲಿ ರವೆ ಕುಂತ್ರೆ ಬೋರ್ಡ್ ಇಳಿಸ್ಬೇಕು.”

“ಕೂರ್ನಿಲ್ಲ ಅಂದ್ರೆ?”

“ನಿನ್ ಹೋಟ್ಲು ಹೊಸ್ಲು ನಾನ್ ತುಳೀಕಿಲ್ಲ. ಕಾಯಾಣೆಗೂ.”

ಆಣೆ ಇಟ್ಟ ಮೇಲೆ ತೆಂಗಿನವನನ್ನು ಯಾರು ತಡೆಯುತ್ತಾರೆ?

ಬೆಳಿಗ್ಗೆ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ. ಮಫ್ಲರು, ಟವೆಲು, ಮಂಕಿಕ್ಯಾಪುಗಳು ಮೋಟುಗೋಡೆಯ ಸುತ್ತ ನಿಂತಿದ್ದವು. ಮೇಷ್ಟರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಈ ಸಲ ನಿಜವಾಗಿಯೂ ಬಗ್ಗಿದರು.

ಈಶ್ವರಯ್ಯನ ಸೀಸೆಯಲ್ಲಿ ಎಣ್ಣೆ ತಿಳಿಯಾಗಿತ್ತು. ಅದರ ಮೂಲಕ ನೋಡಿದರೆ ಹೆದ್ದಾರಿಯಲ್ಲಿ ಹೋಗುವ ಲಾರಿಯ ಬಣ್ಣ ಹೇಳಬಹುದಿತ್ತು.

ಕೆಂಪಣ್ಣನ ಸೀಸೆ ಸುಣ್ಣದ ಕಲ್ಲಾಗಿರಲಿಲ್ಲ. ಮೇಲೆ ಮಬ್ಬು. ಬುಡದಲ್ಲಿ ಮೂರು ಬೆರಳು ದಪ್ಪಕ್ಕೆ ಹಳದಿ ರವೆ.

ಕೆಂಪಣ್ಣ ಸೀಸೆ ಎತ್ತಿ, ರೂಢಿಯ ಬಲದಿಂದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಯಾವನ್ಲಾ ಬದ್ಲಾಯ್ಸಿದ್ದು?” ಅಂದ.

“ಮೊಹರು ನೋಡ್ಕಳಪ್ಪ, ಅಧ್ಯಕ್ಷರ್ದೇ” ಅಂದರು ಯಾರೋ ಹಿಂದಿನಿಂದ.

ಮೊಹರು ಹಾಗೇ ಇತ್ತು. ಕೆಂಪಣ್ಣ ಮೊಬೈಲು ತೆಗೆದು ಮನೆಗೆ ಫೋನು ಮಾಡಿದ. ಅವನ ಫೋನಿನಲ್ಲಿ ಮಾತಾಡಿದರೆ ಸ್ಪೀಕರಿನಲ್ಲೇ ಮಾತಾಡಬೇಕು. ಕಿವಿಗೆ ಹಿಡಿದರೆ ಕೇಳುವುದಿಲ್ಲ.

“ಅನ್ಸೂಯಾ, ನಮ್ಮನೆ ಕ್ಯಾನ್‌ನಾಗೆ ಇರಾದು ಯಾವ್ ಎಣ್ಣೆ?”

ಹೆಂಡತಿ ಅನಸೂಯಮ್ಮನ ಧ್ವನಿ ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿಸಿತು. “ಪಾಕೀಟ್ ಎಣ್ಣೆ ಕಣ್ರೀ. ಯಾಕೆ?”

“ಪಾಕೀಟಾ? ಕೊಬ್ರಿ ಎಣ್ಣೆ ಎಲ್ಲೋತು?”

“ಎಲ್ಲೋತು ಅಂದ್ರೆ? ಪ್ರತಿ ವರ್ಸ ಚೂರು ಪಾರು, ಬೂಷ್ಟು ಹಿಡ್ದಿದ್ದು ಎಲ್ಲಾವ ಗಾಣಕ್ಕಾಕ್ಸಿ ಎಣ್ಣೆ ಮಾಡುಸ್ಕತಿದ್ವಿ. ಈ ಸಲ ಚೂರ್ಗೂ ರೇಟ್ ಐತೆ, ಒಂದ್ ಚಿಪ್ಪೂ ಉಳಿಸ್ಬ್ಯಾಡ ಕೊಡು ಅಂದೋರು ಯಾರು? ನೀವೇ ತಾನೆ? ಎಣ್ಣೆ ನಾನೇನ್ ಎದೇಲಿ ಇಂಡ್ಲಾ? ಅಂಗಡೀಲಿ ಅಗ್ಗುದ್ದು ತಂದೆ. ವಾಸ್ನೆಗಿರ್ಲಿ ಅಂತ ಹಳೇ ಕೊಬ್ರಿ ಎಣ್ಣೆ ಒಂದ್ ಸೌಟು ಬೆರ್ಸಿದ್ದೆ. ಚೆನ್ನಾಗೈತೆ, ಮನೇ ಎಣ್ಣೆ ಅಂದ್ರೆ ಮನೇ ಎಣ್ಣೆ ಅಂತ ದಿನಾ ಮೀಸೇಗ್ ತಿಕ್ಕತಿರ್ಲಿಲ್ವಾ?”

ಫೋನು ಕಟ್ಟಾಯಿತು. ಮೂವತ್ತು ವರ್ಷ ಊರಿನ ಒಲೆಯೆಲ್ಲ ಮೂಸಿದವನು ಸ್ವಂತ ಅಡುಗೆಮನೆಯ ಕ್ಯಾನನ್ನು ಒಂದು ದಿನವೂ ಮೂಸಿರಲಿಲ್ಲ. ತನ್ನ ಮನೆಯೊಳಗೆ ಇಂಡೋನೇಷ್ಯಾ ಬರುವುದಿದ್ದರೆ ತನಗೆ ಹೇಳಿಯೇ ಬರುತ್ತದೆ ಎಂದು ನಂಬಿದ್ದ. ಅದು ಕಾಡು ಕಡಿದು, ಹಡಗು ಹತ್ತಿ, ಪಾಕೀಟಿನಲ್ಲಿ ಕೂತು, ಅವನ ತೆಂಗಿಗೆ ಬೆಲೆ ಬಂದ ಗಳಿಗೆ ನೋಡಿಕೊಂಡು ಬಂದಿತ್ತು.

ಮೊದಲು ಅರ್ಥವಾದದ್ದು ರೇವಮ್ಮನವರಿಗೆ. “ಅಣ್ಣ, ನನ್ ಬೋಂಡುಕ್ಕೂ ನಿನ್ ಮೂಗ್ಗೂ ಮಧ್ಯ ನಿನ್ ಮೀಸೆ ಐತೆ ಕಣ್ ನೋಡು” ಅಂದರು.

ಕೆಂಪಣ್ಣನ ಕೈ ಮೀಸೆಗೆ ಹೋಗಿ, ಅಲ್ಲೇ ನಿಂತಿತು. ಆಮೇಲೆ ಆ ಕೈಯನ್ನು ಪಂಚೆಗೆ ಒರೆಸಿಕೊಂಡ. ಹೋಟೆಲಿನ ಹೊಸ್ತಿಲನ್ನೂ ಬೋರ್ಡನ್ನೂ ಒಮ್ಮೆ ನೋಡಿ ರಸ್ತೆ ದಾಟಿದ. “ಲೇ ಕೆಂಪ, ಬಾರ್ಲಾ, ಕಾಫಿ ಕುಡ್ಕಂಡ್ ಓಗು!” ಎಂದು ಈಶ್ವರಯ್ಯ ಕೂಗಿದ. ಕೆಂಪಣ್ಣ ತಿರುಗಲಿಲ್ಲ.

ಬಸ್ಸುಗಳು ವಾಪಸ್ಸು ಬಂದವು. ಎರಡನೆಯ ಒಲೆ ಹೊತ್ತಿಕೊಂಡಿತು. ಕೆಂಪಣ್ಣ ಮೀಸೆಯನ್ನು ಸೀಗೇಕಾಯಿಯಲ್ಲಿ ತೊಳೆದು ತೊಳೆದು ಅದು ಮುಸುಕಿನ ಜೋಳದ ಕೂದಲಿನ ಬಣ್ಣಕ್ಕೆ ಬಂತು. ದಿನಾ ಬೆಳಿಗ್ಗೆ ರಸ್ತೆಯಾಚೆಯ ಹೊಂಗೆಮರದ ಕೆಳಗೆ ಬಂದು ನಿಲ್ಲುತ್ತಿದ್ದ; ಬಸ್ಸಿಗೆ ಕಾಯುವವನಂತೆ. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ. ಗಾಳಿ ಆ ಕಡೆಗೆ ಬೀಸಿದರೆ ಮೂಗರಳುತ್ತಿತ್ತು. ಮೂಲೆ ಮೇಜಿನಲ್ಲಿ ಅವನು ಕೂರುತ್ತಿದ್ದ ಜಾಗದಲ್ಲಿ ಯಾರಾದರೂ ಕೂತರೆ ಈಶ್ವರಯ್ಯ ಫ್ಯಾನು ಕೆಟ್ಟಿದೆ ಎಂದು ಎಬ್ಬಿಸುತ್ತಿದ್ದ. ಚಳಿಗಾಲದಲ್ಲಿ.

ಗೆದ್ದ ಈಶ್ವರಯ್ಯನಿಗಾದರೂ ನೆಮ್ಮದಿ ಇತ್ತೇ? ಅದೂ ಇಲ್ಲ. ಕೆಂಪನ ಮನೆಗೆ ನುಗ್ಗಿದ್ದು ನನ್ನ ಗಾಣದವನ ಮನೆಗೆ ನುಗ್ಗದೆ ಇರುತ್ತದೆಯೇ ಎಂಬ ಹುಳ ಅವನಿಗೆ ಹೊಕ್ಕಿತು. ಹೊಸ ಟಿನ್ನು ಬಂದಾಗಲೆಲ್ಲ ಮೋಟುಗೋಡೆಯ ಮೇಲೆ ಒಂದು ಸೀಸೆ ಇಡತೊಡಗಿದ. ಅದನ್ನು ನೋಡಿ ಬೇಕರಿಯವನು ಇಟ್ಟ. ಬೇಕರಿಯವನನ್ನು ನೋಡಿ ಅವನ ಗಿರಾಕಿಗಳು ಇಟ್ಟರು. ಸಂಕ್ರಾಂತಿಯ ಹೊತ್ತಿಗೆ ಹಿರೀಸಾವೆಯ ಬೆಳಗೆಂದರೆ ಗೋಡೆಗೋಡೆಯ ಮೇಲೂ ಸೀಸೆ. ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಯ ಕಿಟಕಿಯ ಮೇಲೂ ಒಂದು ಇತ್ತು; ಫಲಿತಾಂಶವನ್ನು ನನ್ನ ಹೆಂಡತಿ ನನಗೆ ತಿಳಿಸಲಿಲ್ಲ.

ಶಿವರಾತ್ರಿ ಬಂತು. ಚಳಿ ಶಿವಶಿವ ಎಂದು ಹೊರಟುಹೋಯಿತು. ಬಿಸಿಲಿಗೆ ಯಾವ ಎಣ್ಣೆಯೂ ಗಟ್ಟಿಯಾಗುವುದಿಲ್ಲ. ಸೀಸೆಯಲ್ಲಿ ಅಸಲಿಯೂ ನಕಲಿಯೂ ಒಂದೇ ತಿಳಿ. ಅಂಥದೊಂದು ಬೆಳಿಗ್ಗೆ ಹೊಸ ಟಿನ್ನು ಒಡೆದ ಈಶ್ವರಯ್ಯ ಅದನ್ನೇ ನೋಡುತ್ತ ನಿಂತ. ಬೆರಳದ್ದಿ ಮೂಸಿದ. ರೇವಮ್ಮನಿಗೆ ಮೂಸಿಸಿದ. ನನಗೂ ಮೂಸಿಸಿದ. ನನ್ನ ಮೂಗಿಗೆ ಅದು ಎಣ್ಣೆ ಎಂಬುದಷ್ಟೇ ಗೊತ್ತಾಯಿತು. ಈಶ್ವರಯ್ಯ ಹೆಗಲ ಮೇಲಿನ ಟವೆಲು ಕೊಡವಿ ಬಾಗಿಲಿಗೆ ಬಂದು ಹೊಂಗೆಮರದ ಕಡೆ ಕೂಗಿದ.

“ಲೇ ಕೆಂಪಾ! ಬಾರ್ಲಾ ಇಲ್ಲಿ!”

“ಆಣೆ ಇಕ್ಕಿವ್ನಿ ಕಣ್ಲಾ.”

“ಆಣೆ ಇಕ್ಕಿರಾದು ಕಾಲ್ಗೆ. ಕಾಲ್ ಆಚೇಲೇ ಇರ್ಲಿ. ಮೂಗ್ ಮಾತ್ರ ಒಳೀಕ್ ತಾ!”

ಕೆಂಪಣ್ಣ ಎರಡೂ ಕಡೆ ನೋಡಿ ರಸ್ತೆ ದಾಟಿದ. ಹೊಸ್ತಿಲ ಹತ್ತಿರ ಬರಲಿಲ್ಲ. ಹೋಟೆಲಿನ ಮಗ್ಗುಲಿಗೆ ಹೋಗಿ, ಒಲೆಯ ಪಕ್ಕದ ಕಿಟಕಿಯಲ್ಲಿ ಕತ್ತು ಹಾಕಿದ. ರೇವಮ್ಮ ಬಾಣಲೆಯಿಂದ ಒಂದು ಬೋಂಡಾ ತೆಗೆದು ಕಾಗದದ ಮೇಲಿಟ್ಟು ಕೊಟ್ಟರು. ಅವನು ಮುರಿದ. ಮೂಸಿದ. ಕಣ್ಣು ಮುಚ್ಚಿದ. ಒಳಗೆ ಡ್ರೈವರುಗಳು ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದರು. ಈಶ್ವರಯ್ಯ ಟವೆಲು ಹಿಂಡುತ್ತಿದ್ದ. ಅದು ಒದ್ದೆಯಾಗಿಯೂ ಇರಲಿಲ್ಲ.

“ಎಂಗೈತ್ಲಾ?”

ಕೆಂಪಣ್ಣ ಬೋಂಡಾ ಪೂರಾ ತಿಂದು, ಬೆರಳು ನೆಕ್ಕಿ, ಬಾಣಲೆಯ ಕಡೆಗೊಮ್ಮೆ ನೋಡಿದ.

“ಯೋಳಕಾಗಕಿಲ್ಲ. ಅನ್ಮಾನ ಐತೆ” ಅಂದ. “ಇನ್ನೊಂದ್ ಕೊಡವ್ವ.”